ಸಣ್ಣಮ್ಮ ಸವರಿದ ಗೋರಂಟೆ

ಹೋದ ಮೇ ತಿಂಗಳಲ್ಲಿ ನಾನು ಮೊಬೈಲಿನಲ್ಲಿ ಒಂದು ಗಿಡ ತರಿಸಿದೆ. ಹೆಸರು ಫಿಲಿಪೀನ್ ವಯೊಲೆಟ್.

ಹೆಸರೇ ಹೇಗಿದೆ ನೋಡಿ! ಫೋಟೊ ಇನ್ನೂ ಚೆನ್ನಾಗಿತ್ತು. ಸೊಂಟದೆತ್ತರದ ಪೊದೆ, ಮೈತುಂಬ ನೇರಳೆ ಹೂ. ಪಕ್ಕದಲ್ಲೊಂದು ಬಿಳಿ ಬೆತ್ತದ ಕುರ್ಚಿ, ಕುರ್ಚಿಯ ಮೇಲೆ ಟೀ ಕಪ್ಪು. (ಗಿಡದ ಜೊತೆ ಕುರ್ಚಿಯೂ ಕಪ್ಪೂ ಬರುವುದಿಲ್ಲ ಅಂತ ನನಗೂ ಗೊತ್ತಿತ್ತು. ಆದರೂ ಮನಸ್ಸು ಮೂರನ್ನೂ ಸೇರಿಸಿಯೇ ಆರ್ಡರ್ ಮಾಡಿತ್ತು.)

ಕೊರಿಯರ್‌ನವನು ನಮ್ಮ ಮನೆಯವರೆಗೆ ಬರುವುದಿಲ್ಲ. ಹೈವೇ ಬಿಟ್ಟು ಮೂರು ಕಿಲೋಮೀಟರ್ ಗುಡ್ಡ ಹತ್ತಬೇಕಲ್ಲ! ಬಾಳ್ಳುಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ಬಿಟ್ಟು ಫೋನ್ ಮಾಡುತ್ತಾನೆ. ಹೋಗಿ ತಂದೆ. ಉದ್ದನೆಯ ರಟ್ಟಿನ ಡಬ್ಬ. ಒಳಗೆ ಒದ್ದೆ ತೆಂಗಿನ ನಾರು, ನಾರಿನೊಳಗೆ ಗೇಣುದ್ದದ ಒಂದು ಕಡ್ಡಿ, ಕಡ್ಡಿಗೆ ಏಳು ಎಲೆ. ಜೊತೆಗೊಂದು ಇಂಗ್ಲಿಷ್ ಚೀಟಿ. ಈ ಗಿಡಕ್ಕೆ ಒಳ್ಳೆಯ ಬಿಸಿಲು ಬೇಕು, ನೀರು ಬಸಿದು ಹೋಗುವ ಮಣ್ಣು ಬೇಕು, ಅಕ್ಕರೆ ಬೇಕು ಅಂತ.

ಅಕ್ಕರೆಗೇನು ಬರ? ನಾನು ರಿಟೈರ್ ಆಗಿ ಎರಡು ವರ್ಷ. ಮೊದಲು ತರಗತಿಯ ನಲವತ್ತು ಮಕ್ಕಳಿಗೆ ಹಂಚಿಹೋಗುತ್ತಿದ್ದ ಅಕ್ಕರೆಯೆಲ್ಲ ಈಗ ಹೂಗಿಡಗಳ ಮೇಲೆ ಮತ್ತು ನಮ್ಮ ಮನೆಯವರ ಮೇಲೆ ಬೀಳುತ್ತಿದೆ. (ಇಬ್ಬರೂ ಸ್ವಲ್ಪ ಬಾಡಿದ್ದಾರೆ.) ಇನ್ನು ನೀರು ಬಸಿಯುವ ಮಣ್ಣು. ಗುಡ್ಡದ ನೆತ್ತಿಯ ಮೇಲಿನ ಮನೆ ನಮ್ಮದು. ಇಲ್ಲಿ ಬಸಿಯದ ನೀರು ಇನ್ನೆಲ್ಲಿ ಬಸಿದೀತು?

ಅಂಗಳದ ನಡುವೆ, ಎಲ್ಲರಿಗೂ ಕಾಣುವ ಜಾಗದಲ್ಲಿ ಗುಂಡಿ ತೋಡಿ ನೆಟ್ಟೆ. ಸಗಣಿ ಗೊಬ್ಬರ ಹಾಕಿದೆ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು. ಎರಡೇ ವಾರಕ್ಕೆ ಹೊಸ ಚಿಗುರು ಬಂತು. ಬೀಗಿದೆ. ಜೂನ್ ಬಂತು, ಮಳೆ ಹಿಡಿಯಿತು. ಜುಲೈನಲ್ಲಿ ಕೆಳಗಿನ ಎಲೆಗಳು ಹಳದಿಯಾದವು. ಹೊಟ್ಟೆಗೆ ಸಾಲುತ್ತಿಲ್ಲವೇನೋ ಅಂತ ಇನ್ನಷ್ಟು ಗೊಬ್ಬರ ಹಾಕಿದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದವಳು. ಬೇರುಗಳೂ ಉಸಿರಾಡುತ್ತವೆ, ಮಣ್ಣಿನಲ್ಲಿ ಗಾಳಿ ಆಡದಿದ್ದರೆ ಬೇರು ಸಾಯುತ್ತದೆ ಅಂತ ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದವಳು. ಅದು ಪರೀಕ್ಷೆಗೆ ಬರುವ ಪ್ರಶ್ನೆ ಅಂತ ಗೊತ್ತಿತ್ತು. ನಮ್ಮ ಅಂಗಳಕ್ಕೂ ಬರುತ್ತದೆ ಅಂತ ಹೊಳೆದಿರಲಿಲ್ಲ.

ಈಗ ಸಣ್ಣಮ್ಮನ ವಿಷಯಕ್ಕೆ ಬರಬೇಕು.

ಸಣ್ಣಮ್ಮ ನಮ್ಮ ಗುಡ್ಡದ ಆಚೆ ಮಗ್ಗುಲಿನ ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುವವಳು. ಎಸ್ಟೇಟಿಗೆ ರಜೆ ಇರುವ ದಿನ ನಮ್ಮ ಮನೆಗೆ ಬಂದು ಅಂಗಳದ ಕಳೆ ತೆಗೆದುಕೊಡುತ್ತಾಳೆ. ನಾವು ಈ ಮನೆ ಕಟ್ಟಿದಾಗಿನಿಂದ, ಅಂದರೆ ಹನ್ನೊಂದು ವರ್ಷದಿಂದ ಬರುತ್ತಿದ್ದಾಳೆ. ಸಣಕಲು ದೇಹ, ಎಲೆ ಅಡಿಕೆಯ ಬಾಯಿ, ಸೊಂಟದಲ್ಲೊಂದು ಕತ್ತಿ. ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ದೊಡ್ಡವಳೇ ಇರಬೇಕು. (ಆದರೂ ನಾನು ಅವಳಿಗೆ ‘ನೀನು’ ಅನ್ನುತ್ತೇನೆ, ಅವಳು ನನಗೆ ‘ನೀವು’ ಅನ್ನುತ್ತಾಳೆ. ಇದನ್ನು ಯಾರು ಯಾವಾಗ ತೀರ್ಮಾನ ಮಾಡಿದರೋ ನನಗೆ ನೆನಪಿಲ್ಲ. ನಿಮಗೆ ನಿಮ್ಮ ಮನೆಯದು ನೆನಪಿದೆಯೇ?)

ಆಗಸ್ಟಿನ ಒಂದು ಬೆಳಿಗ್ಗೆ. ನಾಲ್ಕು ದಿನ ಬಿಡದೆ ಸುರಿದ ಮಳೆ ಆಗಷ್ಟೇ ಹೊಳವಾಗಿತ್ತು. ಸಣ್ಣಮ್ಮ ಬಂದು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ನಾನು ಅವಳಿಗೆ ಕಾಫಿ ತೆಗೆದುಕೊಂಡು ಹೊರಗೆ ಬಂದೆ. ನೋಡಿದರೆ, ನನ್ನ ಫಿಲಿಪೀನ್ ವಯೊಲೆಟ್ ಇದ್ದ ಜಾಗದಲ್ಲಿ ಬೆರಳುದ್ದದ ಒಂದು ಮೋಟು!

“ಏನ್ ಮಾಡಿದೆ ಸಣ್ಣಮ್ಮ!”

ಅವಳು ತಲೆ ಎತ್ತಿದಳು. “ಇದು ಗೋರಂಟೆ ಅಲ್ವಾ ಟೀಚ್ರಮ್ಮ, ಬುಡ ಎಲ್ಲ...”

ಮುಗಿಸಲು ನಾನೆಲ್ಲಿ ಬಿಟ್ಟೆ? “ಗೋರಂಟೆನಾ! ಬೆಂಗಳೂರಿಂದ ತರಿಸಿದ ಗಿಡ ಅದು. ಬೇಲಿ ಗೋರಂಟೆಗೂ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ವಾ? ಕಣ್ಣು ಕಾಣಲ್ವಾ ನಿನಗೆ?”

ನನ್ನದು ಕೊನೆಯ ಬೆಂಚಿಗೂ ಕೇಳುವ ಗಂಟಲು. ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದ ಅವಳ ಕಾಲೊನಿಯ ಇಬ್ಬರು ಹೆಂಗಸರು ನಿಂತು ನೋಡಿದರು.

ಸಣ್ಣಮ್ಮನ ಮುಖ ಒಂದು ಥರ ಆಯಿತು. ಬೈಸಿಕೊಂಡವರ ಮುಖ ನಾನು ಸಾವಿರಾರು ನೋಡಿದ್ದೇನೆ. ಕೆಲವರು ಸೆಟೆಯುತ್ತಾರೆ, ಕೆಲವರು ಕುಗ್ಗುತ್ತಾರೆ, ಕೆಲವರು ಒಳಗೊಳಗೇ ನಗುತ್ತಾರೆ. ಇದು ಯಾವುದೂ ಆಗಿರಲಿಲ್ಲ. ಎದ್ದಳು. ಕತ್ತಿಯನ್ನು ಸೆರಗಿನಲ್ಲಿ ಒರೆಸಿದಳು. ಕಾಫಿ ಮುಟ್ಟಲಿಲ್ಲ. ಗೇಟಿನ ಹತ್ತಿರ ಹೋಗಿ ಚಿಲಕಕ್ಕಾಗಿ ಎರಡು ಸಲ ಕೈ ತಡವಿದಳು. ಸಿಟ್ಟಿಗೆ ಚಿಲಕವೂ ಸಿಗುತ್ತಿಲ್ಲ ಅಂದುಕೊಂಡೆ.

ಸಂಜೆ ನಮ್ಮ ಮನೆಯವರು ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಬಂದರು. “ಒಂದ್ ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಫಿಲಿಪೀನ್ ವಯೊಲೆಟ್ ಇದೆಯಲ್ಲ, ಅದು ಗೋರಂಟೆನೇ ಕಣೇ.”

“ಸುಮ್ನಿರಿ.”

“ನೀನೇ ನೋಡು.”

ನೋಡಿದೆ. ಗೋರಂಟೆಯೇ. ಕೈಗೆ ಹಚ್ಚುವ ಗೋರಂಟಿಯಲ್ಲ, ಕೆಲವರು ಸ್ಫಟಿಕ ಅಂತಾರಲ್ಲ, ಅದೇ. ನಮ್ಮ ದೇಶದ್ದೇ ಗಿಡ, ನಮ್ಮ ಬೇಲಿಸಾಲಿನಲ್ಲಿ ತಾನಾಗಿ ಬೆಳೆದು, ಮಳೆ ಹಿಂದಾದ ಮೇಲೆ ಹೂಬಿಡುವ ಅದೇ ಗೋರಂಟೆ. ಫಿಲಿಪೀನ್ಸಿಗೂ ಅದಕ್ಕೂ ಹುಟ್ಟಿನ ಸಂಬಂಧವೇ ಇಲ್ಲವಂತೆ. ಹೆಸರಿನ ಅಂಗಿ ಬದಲಾಯಿಸಿದ್ದಕ್ಕೆ ನಾನು ಗುರುತು ಹಿಡಿಯದೆ ಹೋದೆ. ಸಣ್ಣಮ್ಮ ಹಿಡಿದಿದ್ದಳು.

ಇಷ್ಟಾದ ಮೇಲೆ ಮಾರನೇ ದಿನವೇ ಹೋಗಿ “ತಪ್ಪಾಯ್ತು” ಅನ್ನಬೇಕಿತ್ತು, ಅಲ್ಲವೇ? ಅನ್ನಲಿಲ್ಲ. ಮನುಷ್ಯರ ಬುದ್ಧಿ ನಿಮಗೆ ಗೊತ್ತಲ್ಲ. ನಾವು ಹೊರಿಸಿದ ಒಂದು ಆರೋಪ ಬಿದ್ದುಹೋದರೆ ತಕ್ಷಣ ಇನ್ನೊಂದನ್ನು ಹುಡುಕುತ್ತೇವೆ. ಗೋರಂಟೆಯೇ ಆಗಿರಲಿ, ಕೇಳದೆ ಕತ್ತರಿಸಬಹುದಾ? ಹೀಗೆ ನನ್ನ ಪರವಾಗಿ ನಾನೇ ವಾದ ಮಾಡಿದೆ, ನಾನೇ ಗೆದ್ದೆ.

ಮುಂದಿನ ರಜೆಗೆ ಸಣ್ಣಮ್ಮ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಗೌರಿ ಹಬ್ಬಕ್ಕೆ ಪ್ರತಿ ವರ್ಷ ಬಂದು ಅಂಗಳ ಚೊಕ್ಕ ಮಾಡಿಕೊಡುತ್ತಿದ್ದವಳು ಹಬ್ಬಕ್ಕೂ ಬರಲಿಲ್ಲ. “ಅಷ್ಟೊಂದು ಸಿಟ್ಟಾ ಅವಳಿಗೆ?” ಅಂದೆ. “ನೀನು ಅಷ್ಟು ಜೋರಾಗಿ ಬೈದ್ಯಲ್ಲ” ಅಂದರು ನಮ್ಮ ಮನೆಯವರು. “ಬಂದ್ರೆ ಬರ್ಲಿ, ಇಲ್ದಿದ್ರೆ ಬಿಡ್ಲಿ” ಅಂದೆ. ಅಂದಮೇಲೆ ಒಂದೊಂದು ರಜೆಯ ದಿನವೂ ಗೇಟಿನ ಸದ್ದಿಗೆ ಕಿವಿ ಕೊಟ್ಟೆ.

ಸೆಪ್ಟೆಂಬರ್ ಕೊನೆಯಲ್ಲಿ ಪೆನ್ಷನ್ ಕಾಗದದ ಜೆರಾಕ್ಸ್ ಮಾಡಿಸಲು ಬಾಳ್ಳುಪೇಟೆಗೆ ಹೋದೆ. ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ರೂಪ ಸಣ್ಣಮ್ಮನ ಸೊಸೆ. ನನ್ನ ಹಳೆಯ ವಿದ್ಯಾರ್ಥಿನಿ ಕೂಡ. ನನ್ನನ್ನು ನೋಡಿ ನಗಲಿಲ್ಲ. ಕಾಗದ ತೆಗೆದುಕೊಂಡಳು, ಮೆಷಿನ್ನಿಗೆ ಇಟ್ಟಳು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಂಡು ನನ್ನ ಹತ್ತಿರ ಬಂದಳು.

“ಟೀಚರ್, ಒಂದ್ ಮಾತು ಕೇಳ್ಲಾ?”

ಸೊಸೆ ಜಗಳಕ್ಕೆ ಬಂದಳು ಅಂದುಕೊಂಡೆ. “ಕೇಳಮ್ಮ” ಅಂದೆ.

“ನಮ್ಮತ್ತೆಗೆ ಕಣ್ಣು ಕಾಣಲ್ಲ ಅಂತ ನಿಮ್ಗೆ ಹೆಂಗೆ ಗೊತ್ತಾಯ್ತು?”

ನನಗೆ ಅರ್ಥವಾಗಲಿಲ್ಲ.

“ಮನೇಲಿ ನಮ್ಗೇ ಗೊತ್ತಿರ್ಲಿಲ್ಲ ಟೀಚರ್. ಅವತ್ತು ನಿಮ್ಮನೆಯಿಂದ ಬಂದು ಮೂಲೇಲಿ ಕೂತ್ಕಂಡು ಅತ್ಬುಟ್ರು. ‘ಟೀಚ್ರಮ್ಮಂಗೆ ಗೊತ್ತಾಗ್ಬುಟ್ಟೈತೆ ಕಣೆ, ರಸ್ತೇಲಿದ್ದೋರ್ಗೂ ಕೇಳಿಸ್ತು’ ಅಂದ್ರು. ಎರಡು ವರ್ಷದಿಂದ ಮುಚ್ಚಿಟ್ಕಂಡಿದ್ರಂತೆ. ಈಗ ಬೆರಳು ತೋರ್ಸಿದ್ರೂ ಎಷ್ಟು ಅಂತ ಗೊತ್ತಾಗಲ್ಲ ಅವ್ರಿಗೆ.” ರೂಪಳ ದನಿ ಇನ್ನೂ ಸಣ್ಣದಾಯಿತು. “ನೀವು ಯಾರ್ಗೂ ಹೇಳ್ಬೇಡಿ ಟೀಚರ್. ಹಾಜರಿ ಬರೆಯೋ ಎಸ್ಟೇಟ್ ರೈಟರ್‌ಗೆ ಗೊತ್ತಾದ್ರೆ ನಾಳೆಯಿಂದ ಬರ್ಬೇಡ ಅಂದ್ಬುಡ್ತಾರೆ.”

ಜೆರಾಕ್ಸ್ ಮೆಷಿನ್ನು ಒಂದೇ ಕಾಗದವನ್ನು ಮತ್ತೆ ಮತ್ತೆ ಹೊರಗೆ ಹಾಕುತ್ತಿತ್ತು. ನಾವಿಬ್ಬರೂ ಅದನ್ನು ನಿಲ್ಲಿಸಲಿಲ್ಲ.

ಆರು ವಾರದಿಂದ ನಾನು ಸಣ್ಣಮ್ಮನ ಸಿಟ್ಟಿನ ಬಗ್ಗೆ ಯೋಚಿಸುತ್ತಿದ್ದೆ. ಅವಳಿಗೆ ಸಿಟ್ಟೇ ಬಂದಿರಲಿಲ್ಲ. ಅವಳಿಗೆ ನನ್ನ ಭಯವಾಗಿತ್ತು.

“ಡಾಕ್ಟರಿಗೆ ತೋರಿಸಲಿಲ್ವಾ?”

“ಪೊರೆ ಬಂದಿರ್ಬೇಕು, ಹಾಸನಕ್ಕೆ ಹೋಗೋಣ ಬನ್ನಿ ಅಂದ್ರೆ ಕೇಳಲ್ಲ. ಕಣ್ಣು ಕಿತ್ತು, ಒರ್ಸಿ, ಮತ್ತೆ ಇಡ್ತಾರಂತೆ. ಇಡೋಕೆ ಮರ್ತ್ಬುಟ್ರೆ ಏನ್ ಮಾಡ್ಲಿ ಅಂತಾರೆ.”

ಇಬ್ಬರಿಗೂ ನಗು ಬಂತು. ನಗಬಾರದ ಹೊತ್ತಿನಲ್ಲಿ ಬರುವ ನಗು.

ಮಾರನೇ ದಿನ ಎಸ್ಟೇಟಿನ ಕೆಲಸ ಮುಗಿಯುವ ಹೊತ್ತಿಗೆ ಗುಡ್ಡದ ಆಚೆ ಇಳಿದು ಸಣ್ಣಮ್ಮನ ಮನೆಗೆ ಹೋದೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. (ನಡೆದರೆ ಇಪ್ಪತ್ತೇ ನಿಮಿಷ. ಹನ್ನೊಂದು ವರ್ಷ ಯಾಕೆ ಬೇಕಾಯಿತು ಅಂತ ಕೇಳಬೇಡಿ.)

ಕಾಲೊನಿಯ ಕೊನೆಯ ಮನೆ. ಮನೆಯ ಪಕ್ಕ ಹಳೆಯ ಗೋಡೆ ಕೆಡವಿದ ಕಲ್ಲು, ಒಡೆದ ಹೆಂಚು, ಮಣ್ಣಿನ ಹೆಂಟೆ ಎಲ್ಲ ಸೇರಿ ಒಂದು ಗುಡ್ಡೆ. ಆ ಗುಡ್ಡೆಯ ಮೇಲೆ, ನಾನು ಮೊಬೈಲಿನಲ್ಲಿ ನೋಡಿದ್ದ ಫೋಟೊ ನಾಚಿಕೊಳ್ಳಬೇಕು ಹಾಗೆ, ಗೋರಂಟೆ! ಬಿಳಿ, ಗುಲಾಬಿ, ನೇರಳೆ. ಗೊಬ್ಬರವಿಲ್ಲ, ಚೊಂಬಿನ ನೀರಿಲ್ಲ, ಬೆತ್ತದ ಕುರ್ಚಿಯಿಲ್ಲ.

ಸಣ್ಣಮ್ಮ ಜಗಲಿಯ ಮೇಲೆ ಕೂತಿದ್ದಳು. ಆಗಷ್ಟೇ ಕೆಲಸದಿಂದ ಬಂದು ಕಾಲು ತೊಳೆದಿದ್ದಳು.

“ಯಾರು?”

ಐದೇ ಹೆಜ್ಜೆ ದೂರದಲ್ಲಿದ್ದೆ ನಾನು.

“ನಾನು ಸಣ್ಣಮ್ಮ, ಟೀಚರು.”

ತಟ್ಟನೆ ಎದ್ದಳು. ಮುಖ ನನ್ನ ಕಡೆಗಿತ್ತು. ಕಣ್ಣು ಮಾತ್ರ ನನ್ನ ಎಡಭುಜದ ಆಚೆ ಎಲ್ಲೋ ಇತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು ಮರೆತುಹೋಯಿತು.

“ಅವತ್ತು ನಾನು ಹಾಗೆ ಅನ್ನಬಾರದಿತ್ತು ಸಣ್ಣಮ್ಮ. ತಪ್ಪಾಯ್ತು.”

“ನೀವು ಅಂದಿದ್ದು ನಿಜ ಅಲ್ವಾ ಟೀಚ್ರಮ್ಮ. ನಿಜ ಹೇಳಿ ಯಾರಾದ್ರೂ ತಪ್ಪಾಯ್ತು ಅಂತಾರಾ?”

“ನನಗೆ ಗೊತ್ತಿರಲಿಲ್ಲ. ಸಿಟ್ಟಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟೆ. ಸತ್ಯವಾಗ್ಲೂ ಗೊತ್ತಿರಲಿಲ್ಲ.”

ಸಣ್ಣಮ್ಮ ನನ್ನ ದನಿಯ ಕಡೆಗೆ ಕಿವಿ ತಿರುಗಿಸಿದಳು.

“ಗೊತ್ತಿರ್ಲಿಲ್ವಾ?”

“ಇಲ್ಲ.”

“ಅಯ್ಯೋ ಶಿವನೇ! ಅಂಗಾರೆ ನಾನೇ ಬಾಯಿ ಬಿಟ್ಟು ಎಲ್ರಿಗೂ ಹೇಳ್ಬುಟ್ನಲ್ಲ!”

ಕೂತು ನಗಲು ಶುರು ಮಾಡಿದಳು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಅವಳ ಪಕ್ಕ ಜಗಲಿಯ ಮೇಲೆ ಕೂತೆ. ಅಷ್ಟು ಹತ್ತಿರ ಕೂತದ್ದೂ ಅದೇ ಮೊದಲು.

ಆಮೇಲೆ ಒಂದೊಂದಾಗಿ ಹೇಳಿದಳು. ಮೊದಲು ಮಂಜು ಕವಿದ ಹಾಗೆ ಆಯಿತಂತೆ. ಬರಬರುತ್ತಾ ಮಂಜು ಕರಗಲೇ ಇಲ್ಲವಂತೆ. ದಾರಿ ಕಾಲಿಗೆ ಗೊತ್ತು, ಕಳೆ ಕೈಗೆ ಗೊತ್ತು. ಹೇಗೋ ದಿನ ಹೋಗುತ್ತಿತ್ತು. ಆದರೆ ಹೋದ ವರ್ಷ ಕಾಫಿ ಕುಯ್ಲಿನಲ್ಲಿ ಸಿಕ್ಕಿಬೀಳುವುದರಲ್ಲಿದ್ದಳು.

“ಹಣ್ಣು ಯಾವ್ದು, ಕಾಯಿ ಯಾವ್ದು ಕಾಣಲ್ವಲ್ಲ. ಮುಟ್ಟಿ ನೋಡಿ ಮೆತ್ತಗಿರೋದು ಕುಯ್ತಿದ್ದೆ. ಅಂಗೂ ಚೀಲದ ತುಂಬ ಹಸಿರು ಕಾಯಿ ಬಂದ್ಬುಡ್ತಿತ್ತು. ‘ಏನ್ ಸಣ್ಣಮ್ಮ, ನಿದ್ದೆ ಮಾಡ್ತಾ ಕುಯ್ತೀಯಾ?’ ಅಂದ್ರು ರೈಟರು. ಹೂ ಸ್ವಾಮಿ, ನಿದ್ದೆ ಬರ್ತೈತೆ ಅಂದೆ. ಕಣ್ಣು ಕಾಣಲ್ಲ ಅನ್ನೋಕಿಂತ ಸೋಮಾರಿ ಅನ್ನಿಸ್ಕಳೋದು ವಾಸಿ ಅಲ್ವಾ?”

ಅಲ್ವಾ ಅಂತ ನನ್ನನ್ನು ಕೇಳಿದಳು. ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಬೋರ್ಡು ಕಾಣದೆ ಪಕ್ಕದವನ ನೋಟ್ಸ್ ನೋಡಿ ಬರೆದ ಎಷ್ಟು ಮಕ್ಕಳಿಗೆ ಕಾಪಿ ಹೊಡೆಯುತ್ತೀಯಾ ಅಂತ ಕಿವಿ ಹಿಂಡಿದ್ದೇನೋ.

“ನಿಮ್ ಗಿಡ ನೋಡ್ಕಂಡು ಹೋಗಿ” ಅಂತ ಎದ್ದಳು ಸಣ್ಣಮ್ಮ.

“ಯಾವ ಗಿಡ?”

ಗುಡ್ಡೆಯ ಹತ್ತಿರ ಕರೆದುಕೊಂಡು ಹೋದಳು. ಬೆರಳಿನಿಂದ ತಡವುತ್ತಾ ಹೋಗಿ ತುದಿಯಲ್ಲಿದ್ದ ಒಂದು ಪುಟ್ಟ ಗಿಡದ ಮೇಲೆ ಕೈ ಇಟ್ಟಳು. ಗೇಣುದ್ದವೂ ಇಲ್ಲ. ಒಂದೇ ಒಂದು ಹೂ.

“ಅವತ್ತು ಕಳೆ ಕೀಳ್ತಾ ಕೈಗೆ ಸಿಕ್ತು. ಎಲೆ ಒರಟು, ಗೆಣ್ಣು ದಪ್ಪ. ಗೋರಂಟೆ ಅಂತ ಗೊತ್ತಾಯ್ತು. ಟೀಚ್ರಮ್ಮ ಗೋರಂಟೆ ನೆಟ್ಟವ್ರೆ ಅಂತ ಖುಷೀನೂ ಆಯ್ತು. ಬುಡ ಮುಟ್ತೀನಿ, ಮೆತ್ತಗೆ ಆಗ್ಬುಟ್ಟೈತೆ. ಮೂಸಿದೆ, ಕೊಳೆತ ವಾಸ್ನೆ. ಇನ್ನೆಲ್ಡು ದಿನ ಬಿಟ್ಟಿದ್ರೆ ತುದೀನೂ ಹೋಗ್ಬುಡ್ತಿತ್ತು. ಅದ್ಕೇ ಸವರ್ಬುಟ್ಟು ಎರಡು ತುದಿ ಸೊಂಟಕ್ಕೆ ಸಿಗಿಸ್ಕಂಡೆ. ಹೇಳೋಣ ಅಂದ್ರೆ ನೀವು...”

“ನಾನು ಬಿಡಲಿಲ್ಲ.”

“ಹೋಗ್ಲಿ ಬಿಡಿ. ಒಂದು ಒಣಗೋಯ್ತು. ಇದು ಹಿಡ್ಕಂತು.”

ಅಷ್ಟು ಬೈಸಿಕೊಂಡು, ಅಷ್ಟು ಹೆದರಿ, ಅಳುತ್ತಾ ಮನೆಗೆ ಬಂದವಳು ನನ್ನ ಗಿಡದ ತುದಿಯನ್ನು ಎಸೆಯದೆ ನೆಟ್ಟಿದ್ದಳು. ನಾನಾಗಿದ್ದರೆ? ದಾರಿಯಲ್ಲೇ ಚರಂಡಿಗೆ ಹಾಕುತ್ತಿದ್ದೆ. ನಿಜ ಹೇಳುತ್ತಿದ್ದೇನೆ.

“ನಿಮ್ ಅಂಗಳ ಜೆಸಿಬಿ ತುಳಿದ ನೆಲ” ಅಂದಳು. “ಮೇಲೆ ಗುಡ್ಡ, ಒಳ್ಗೆ ತಟ್ಟೆ. ನೀರು ಅಲ್ಲೇ ಕುಂತ್ಕಂತೈತೆ. ಗೋರಂಟೆಗೆ ಬುಡ ತಣ್ಣಗಿರ್ಬೇಕು, ಒದ್ದೆಯಾಗಿರ್ಬಾರ್ದು. ಒಂದು ಗುಂಡಿ ತೋಡಿ, ಒಂದು ಕೊಡ ನೀರು ಹುಯ್ಯಿರಿ. ಒಂದು ಎಲೆ ಅಡಿಕೆ ಹಾಕ್ಕಂಡು ಅಗ್ದು ಉಗಿಯೋದ್ರೊಳ್ಗೆ ನೀರು ಇಂಗ್ಬೇಕು. ಇಂಗ್ಲಿಲ್ಲ ಅಂದ್ರೆ ಅಲ್ಲಿ ನೆಡ್ಬೇಡಿ. ಕಲ್ಲು, ಹೆಂಚಿನ ಚೂರು ಹಾಕಿ ಗುಡ್ಡೆ ಮಾಡಿ, ಅದ್ರ ಮೇಲೆ ನೆಡಿ. ದಿನಾ ನೀರು ಹಾಕೋದು ಬುಟ್ಬುಡಿ. ಅದಕ್ಕೂ ಒಸಿ ಬಾಯಾರಿಕೆ ಆಗ್ಲಿ.”

ವಿಜ್ಞಾನದ ಟೀಚರ್ ತಲೆ ಆಡಿಸಿದೆ. ಅವಳಿಗೆ ಕಾಣಲಿಲ್ಲ ಅಂತ ಆಮೇಲೆ ನೆನಪಾಗಿ “ಹೂಂ” ಅಂದೆ.

ಹೊರಡಬೇಕು ಅನ್ನುವಾಗ ಸಣ್ಣಮ್ಮ ಆ ಒಂದು ಹೂವನ್ನು ಮುಟ್ಟಿ ಕೇಳಿದಳು. “ಇದು ಯಾವ್ ಬಣ್ಣ ಟೀಚ್ರಮ್ಮ?”

“ನೇರಳೆ.”

“ರೂಪನೂ ಅಂಗೇ ಅಂದ್ಲು. ನೇರಳೆ ಅಂದ್ರೆ ಬದನೆಕಾಯಿ ಬಣ್ಣನಾ, ನೇರಳೆ ಹಣ್ಣಿನ ಬಣ್ಣನಾ?”

ಬಾಯಿ ತೆರೆದೆ. ಎರಡೂ ಅಲ್ಲ. ಹೇಳಲು ನನ್ನ ಹತ್ತಿರ ಬೇರೆ ಪದವಿರಲಿಲ್ಲ.

“ನೀನೇ ನೋಡಿ ಹೇಳು ಸಣ್ಣಮ್ಮ” ಅಂದೆ.

ಅವಳು ಹೂವಿನ ಎಸಳುಗಳನ್ನು ಒಂದೊಂದಾಗಿ ತಡವಿದಳು. ಆಮೇಲೆ ಕೇಳಿದಳು. “ಕಣ್ಣು ಕಿತ್ತು ಪಕ್ಕದಲ್ಲಿ ಇಡ್ತಾರಂತಲ್ಲ, ನಿಜನಾ?”

“ಇಲ್ಲ. ಕಣ್ಣು ಇದ್ದಲ್ಲೇ ಇರುತ್ತೆ. ಒಳಗಿನ ಮಬ್ಬು ಮಸೂರ ಮಾತ್ರ ತೆಗೆದು ಬೇರೆ ಇಡ್ತಾರೆ. ನಾನು ಪಾಠ ಮಾಡಿದ್ದೀನಿ.”

“ನೀವು ಪಾಠ ಮಾಡಿದ್ ಗಿಡದ ಗತಿ ನೋಡಿದ್ನಲ್ಲ” ಅಂದಳು.

ಆದರೂ ಒಪ್ಪಿದಳು. ಕಾಫಿ ಕುಯ್ಲು ಜೋರಾಗುವುದರೊಳಗೆ ಮುಗಿಯಬೇಕು, ಸೊಸೆ ಜೊತೆಗೆ ನಾನೂ ಬರಬೇಕು, ಡಾಕ್ಟರಿಗೆ ಒಂದು ಮಾತು ತಾನೇ ಕೇಳಬೇಕು. ಇವು ಅವಳ ಷರತ್ತುಗಳು.

ರೈಟರಿಗೆ ಹೇಳುವುದೊಂದು ಉಳಿದಿತ್ತು. ನಾನು ಬಂದು ಮಾತಾಡಲೇ ಅಂದರೆ ಬೇಡ ಅಂದಳು. ಅವಳೇ ಹೋಗಿ ನಿಂತು, ಎರಡು ವರ್ಷದ ಕಥೆಯನ್ನೆಲ್ಲ ಹೇಳಿ, ಆಪರೇಶನ್ ಮಾಡಿಸಿಕೊಂಡು ಬರುತ್ತೇನೆ, ಕೆಲಸ ಉಳಿಸಿ ಅಂದಳಂತೆ. ರೈಟರು ಕುರ್ಚಿ ಎಳೆದು ಅವಳನ್ನು ಕೂರಿಸಿದರಂತೆ. “ನಮ್ಮವ್ವಂಗೂ ಪೊರೆ ಬಂದೈತೆ ಸಣ್ಣಮ್ಮ, ಹೆದರ್ಕಂಡು ಕೂತವ್ಳೆ. ನೀನು ಮಾಡಿಸ್ಕಂಡು ಬಂದು ಒಂದು ಮಾತು ಅವ್ಳಿಗೆ ಹೇಳು” ಅಂದರಂತೆ. ಅದನ್ನು ಬಂದು ಹೇಳುವಾಗ ಸಣ್ಣಮ್ಮನಿಗೆ ನಂಬಿಕೆಯೇ ಬರುತ್ತಿರಲಿಲ್ಲ. ಎರಡು ವರ್ಷ ಯಾರಿಗೆ ಹೆದರಿದ್ದಳೋ, ಆ ಮನುಷ್ಯ ಅವಳಿಂದಲೇ ಧೈರ್ಯ ಕೇಳಿದ್ದ.

ನವೆಂಬರ್ ಮೊದಲ ವಾರ ಮೂವರೂ ಬಸ್ಸು ಹತ್ತಿ ಹಾಸನಕ್ಕೆ ಹೋದೆವು. ಆಸ್ಪತ್ರೆಯಲ್ಲಿ ಡಾಕ್ಟರ್ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಣ್ಣಮ್ಮ ಅವರ ಕೈ ಹಿಡಿದುಕೊಂಡೇ ಕೇಳಿದಳು. “ನಿಮ್ಗೆ ಕಣ್ಣು ಚೆನ್ನಾಗಿ ಕಾಣ್ತೈತಾ ಮಗ?”

“ಕಾಣುತ್ತಮ್ಮ” ಅಂದರು ಡಾಕ್ಟರ್.

“ಅಂಗಾರೆ ಸರಿ.” ಇಷ್ಟೇ ಅವಳ ಒಂದು ಮಾತು.

ಒಂದು ಕಣ್ಣಿನ ಆಪರೇಶನ್ ಅವತ್ತೇ ಆಯಿತು. ಇನ್ನೊಂದು ಕಣ್ಣು ಮುಂದೆ ನೋಡೋಣ ಅಂದರು. ರೂಪ, ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ರೂಪ ಉಗುರು ಕಚ್ಚುತ್ತಿದ್ದಳು. ಹತ್ತನೇ ತರಗತಿಯ ಪರೀಕ್ಷೆಯ ದಿನವೂ ಹೀಗೇ ಕಚ್ಚಿದ್ದಳು. ಆ ದಿನ ಬೈದಿದ್ದೆ. ಈ ಸಲ ಅವಳ ಇನ್ನೊಂದು ಕೈ ಹಿಡಿದುಕೊಂಡು ಕೂತೆ.

ಮಾರನೇ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಸಣ್ಣಮ್ಮ ಮೊದಲು ಕಣ್ಣು ಬಿಡಲೇ ಇಲ್ಲ. ನರ್ಸ್ ಎರಡು ಸಲ ಹೇಳಬೇಕಾಯಿತು. ಬಿಟ್ಟಳು. ಎದುರಿಗೆ ರೂಪ ನಿಂತಿದ್ದಳು. ಸಣ್ಣಮ್ಮ ಅವಳ ಕೆನ್ನೆ ಮುಟ್ಟಿ, “ಸಣ್ಣಕ್ಕಾಗಿದ್ದೀಯಲ್ಲೇ” ಅಂದಳು. ಆಮೇಲೆ ನನ್ನ ಕಡೆ ತಿರುಗಿ ನೋಡಿದಳು. ನೋಡಿಯೇ ನೋಡಿದಳು.

“ಟೀಚ್ರಮ್ಮ, ನಿಮ್ಗೆ ಇಷ್ಟೊಂದು ವಯಸ್ಸಾಗೈತಾ!”

ವಾರ್ಡಿಗೆ ವಾರ್ಡೇ ನಕ್ಕಿತು. ನನ್ನ ಮಾನ ಹೋದದ್ದು ಹೋಯಿತು. ಆದರೆ ಆಮೇಲೆ ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಅಂಗೈ ನೋಡಿದಳು, ತಿರುಗಿಸಿ ಮುಂಗೈ ನೋಡಿದಳು. ಕತ್ತಿಯ ಗಾಯದ ಗೆರೆಗಳು, ಸುಕ್ಕು, ಎದ್ದುಕೊಂಡ ನರ. ಎರಡು ವರ್ಷದಿಂದ ಅವಳಿಗೆ ಕಣ್ಣಾಗಿದ್ದ ಕೈಗಳು. ಅವಳು ಅವುಗಳನ್ನು ನೋಡಿರಲಿಲ್ಲ.

“ಪಾಪ” ಅಂದಳು, ಮೆಲ್ಲಗೆ, ಬೇರೆ ಯಾರದೋ ಕೈ ನೋಡಿ ಅಂದ ಹಾಗೆ.

ಹಾಗೆ ತಮ್ಮ ಕೈಯನ್ನು ನೋಡಿಕೊಂಡು ‘ಪಾಪ’ ಅಂದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನೀವು ಕಂಡಿದ್ದೀರಾ?

ಒಂದು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಧೂಳಿಗೆ ಹೋಗಬಾರದು ಅಂದಿದ್ದರು ಡಾಕ್ಟರ್. ಸಣ್ಣಮ್ಮನಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಡಿಸೆಂಬರಿನ ಒಂದು ಎಳೆಬಿಸಿಲಿನ ಬೆಳಿಗ್ಗೆ, ಕಪ್ಪು ಕನ್ನಡಕ ಹಾಕಿಕೊಂಡು, ರೂಪಳ ಕೈ ಹಿಡಿದು ನಮ್ಮ ಮನೆಗೆ ಬಂದಳು. ರೂಪಳ ಇನ್ನೊಂದು ಕೈಯಲ್ಲಿ ಹಳೆಯ ಹಾಲಿನ ಕ್ಯಾನು. ಕ್ಯಾನಿನಲ್ಲಿ ಮಣ್ಣಿನ ಸಮೇತ ಆ ಗೋರಂಟೆ.

“ಇದು ಬದನೆಕಾಯೀದೂ ಅಲ್ಲ, ನೇರಳೆ ಹಣ್ಣಿಂದೂ ಅಲ್ಲ” ಅಂದಳು ಬಂದವಳೇ. “ನೇರಳೆ ಹಣ್ಣು ಹಾಲಿಗೆ ಬಿದ್ರೆ ಆಗ್ತೈತಲ್ಲ, ಆ ಬಣ್ಣ.”

ನೋಡಿದೆ. ಹೌದು, ಅದೇ ಬಣ್ಣ!

ಮೊದಲು ಗುಂಡಿ ತೋಡಿ ಪರೀಕ್ಷೆ ಮಾಡಿದೆವು. ಒಂದು ಕೊಡ ನೀರು ಹುಯ್ದು ನಮ್ಮ ಮನೆಯವರು ಎಲೆ ಅಡಿಕೆ ಹಾಕಿಕೊಂಡರು. ಒಂದು ಉಗಿದರು. ಎರಡನೆಯದೂ ಉಗಿದರು. ನೀರು ಅಲ್ಲಾಡಲಿಲ್ಲ. ಜಾಗ ಬದಲಾಯಿಸಿದೆವು. ಗೇಟಿನ ಎಡಕ್ಕೆ ಕಲ್ಲು ಪೇರಿಸಿ, ಒಡೆದ ಹೆಂಚು ಸುರಿದು, ಮೇಲೆ ಮರಳು ಕಲೆಸಿದ ಮಣ್ಣು ಹಾಕಿ ಗುಡ್ಡೆ ಮಾಡಿದೆವು. ಮಾಡಿದವರು ನಾನು ಮತ್ತು ನಮ್ಮ ಮನೆಯವರು. ಸಣ್ಣಮ್ಮ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಕಪ್ಪು ಕನ್ನಡಕದೊಳಗಿಂದಲೇ ಸೂಪರ್ವೈಸ್ ಮಾಡಿದಳು. “ಆ ಕಲ್ಲು ಅಲ್ಲಲ್ಲ, ಈಚೆಗೆ. ಸಾರ್, ಒಸಿ ಜೋರಾಗಿ ಎತ್ತಿ. ಟೀಚ್ರಮ್ಮ, ಗೊಬ್ಬರದ ಬುಟ್ಟಿ ಒಳಗಿಡಿ, ಅದು ಬೇಡ.”

ನೆಟ್ಟೆ. ನೀರಿಗೆ ಚೊಂಬು ಎತ್ತಿದೆ. “ಅರ್ಧ” ಅಂದಳು. ಅರ್ಧ ಹಾಕಿದೆ.

ಸೊಂಟ ಹಿಡಿದುಕೊಂಡು ಎದ್ದು ನಿಂತೆ. ರೂಪ ಎಲ್ಲರಿಗೂ ಕಾಫಿ ತಂದುಕೊಟ್ಟಳು. ಸಣ್ಣಮ್ಮ ಲೋಟ ಕೈಯಲ್ಲಿ ಹಿಡಿದು, ಕುರ್ಚಿಯಲ್ಲಿ ಕೂತಲ್ಲಿಂದಲೇ ನಮ್ಮ ಅಂಗಳವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದಳು. ಗುಲಾಬಿ ಗಿಡದ ಬುಡ, ಕಾಂಪೌಂಡಿನ ಮೂಲೆ, ತುಳಸಿಕಟ್ಟೆಯ ಹಿಂದೆ. ಅವಳ ಹುಬ್ಬು ಗಂಟಾಯಿತು.

“ಇದೇನ್ ಟೀಚ್ರಮ್ಮ, ಎಲ್ಲಿ ನೋಡಿದ್ರೂ ಒಂದೆರಡು ವರ್ಷದ್ ಕಳೆ! ಇಷ್ಟು ದಿನ ಯಾರು ಇಲ್ಲಿ ಕೆಲ್ಸ ಮಾಡ್ತಿದ್ದೋರು?”

ಹೇಳಿ, ನಾನು ಯಾರ ಹೆಸರು ಹೇಳಲಿ?